ಗಾಜಿನ ನಡುವಣ ವರ್ಣಲೀಲೆ

ಹಾಲಿನ ಮೇಲೆ ಮಸಿಯ ಹನಿಯನ್ನು ಬಿಟ್ಟು, ಅದು ಹರಡುವ ಬಗೆಯನ್ನು ತೀರ ಹತ್ತಿರದಿಂದ ಚಿತ್ರಿಸಿ, ಸಂಗೀತವನ್ನು ಕೂಡಿಸಿ ತೆರೆಯ ಮೇಲೆ ತೋರಿಸುವ ಕಲೆಯು ಇಂದು ಬಹಳವಾಗಿ ಹಬ್ಬಿರುವುದು. ನೋಡಲು ಸೊಗಸೇ ಸರಿ; ಆದರೆ ಅವುಗಳಲ್ಲಿ ಹಲವು ಜಾತ್ರೆಯ ಬಣ್ಣದ ಮಿಠಾಯಿಯಂತೆ ಬಾಯಲ್ಲಿಟ್ಟೊಡನೆ ಕರಗಿಹೋಗುವುವು. ಹಾಗೆ ಕರಗದೆ ನಿಂತಿರುವ ಕೃತಿಯೊಂದುಂಟು. ಫ್ರಾನ್ಸಿನ ಝಾನ್ ಪೆನ್‌ಲೆವೆಯವರು ತಮ್ಮ 75ನೆಯ ವಯಸ್ಸಿನ ಸುಮಾರಿಗೆ, 1978ರಲ್ಲಿ ಹೊರತಂದ ಆ ಚಲಚ್ಚಿತ್ರವು ಹತ್ತು ನಿಮಿಷಕ್ಕೂ ಕಿರಿದು. ಅದರ ವಸ್ತು ದ್ರವಸ್ಫಟಿಕ.

ಈ ಹೆಸರೇ ವಿರೋಧಾಭಾಸದಂತೆ ಕೇಳಿಸುವುದು. ಹರಿಯುವುದು ದ್ರವ, ಕಲ್ಲುಸಕ್ಕರೆಯಂತೆ ಅಣುಗಳನ್ನು ಅಣಿಯಾಗಿ ನಿಲ್ಲಿಸಿಕೊಂಡಿರುವುದು ಸ್ಫಟಿಕ. ಎರಡೂ ಒಂದರಲ್ಲಿಯೇ ಇರುವುದೆಂತು? 1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞರಾದ ರೈನಿಟ್ಸರ್ ಅವರು ಕೊಲೆಸ್ಟೆರಾಲಿನಿಂದಾದ ಒಂದು ವಸ್ತುವನ್ನು ಕಾಯಿಸಲು, ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಎರಡನೆಯ ಸಲ ಕರಗಿದಂತೆ ತಿಳಿಯಾಯಿತು. ಆ ವಸ್ತುವನ್ನು ಅವರಿಂದ ಪಡೆದ ಜರ್ಮನಿಯ ಓಟೋ ಲೇಮನ್ ಅವರು ತಾವೇ ರೂಪಿಸಿದ್ದ, ಕಾಯಿಸುತ್ತಲೇ ನೋಡಬಹುದಾದ ಸೂಕ್ಷ್ಮದರ್ಶಕದಲ್ಲಿಟ್ಟು ಪರೀಕ್ಷಿಸಿ, ಹರಿಯುವ ಸ್ಫಟಿಕವೆಂದು ಸಾರಿದರು. ದೊಡ್ಡ ಪಂಡಿತರೇ ಒಪ್ಪಲಿಲ್ಲ. ಅದು ಎರಡು ವಸ್ತುಗಳ ಕಲಬೆರಕೆಯೆಂದು ಕೆಲವರು ವರ್ಷಾನುಗಟ್ಟಲೆ ವಾದಿಸಿದರು.

ಕಣ್ಣಾರೆ ತೋರಿಸಿದರೂ ನಂಬದವರನ್ನು ಪೆನ್‌ಲೆವೆಯವರೂ ಬಲ್ಲರು. 1928ರಲ್ಲಿ ಅವರು ಮೀನಿನ ಮೊಟ್ಟೆಯ ಬೆಳವಣಿಗೆಯ ಚಿತ್ರವನ್ನು ವಿಜ್ಞಾನಿಗಳ ಸಭೆಯಲ್ಲಿ ತೋರಿಸಿದಾಗ, ಸಿನಿಮಾವು ಗಂಭೀರವಾದ ವಿಷಯವಲ್ಲವೆಂದು ಒಬ್ಬರು ಸಿಟ್ಟಿನಿಂದ ಎದ್ದುಹೋದರಂತೆ. ಅಂದವಾದುದು ಅರಿವಿಗೆ ಸಲ್ಲದೆಂಬ ಈ ಭಾವನೆಯು ವಿಚಿತ್ರವಾದುದು. ಅದಿನ್ನೂ ಪೂರ್ತಿಯಾಗಿ ತೊಲಗಿಲ್ಲ.

ಆ ಬಣ್ಣಗಳಾದರೋ ಯಾರೂ ಬೆರೆಸಿದವಲ್ಲ. ಬೆಳಕಿನ ಕಂಪನವನ್ನು ಒಂದೇ ದಿಕ್ಕಿನಲ್ಲಿ ಬಿಡುವ ಎರಡು ಫಲಕಗಳನ್ನು ಒಂದಕ್ಕೊಂದು ಅಡ್ಡಲಾಗಿ ಇಟ್ಟರೆ ಅವುಗಳ ಆಚೆಗೆ ಬರಿಯ ಕತ್ತಲೆ. ನಡುವೆ ನೀರನ್ನಿಟ್ಟರೂ ಕತ್ತಲೆಯೇ. ಗಾಜುಗಳ ಸಂದಿನಲ್ಲಿ ತೆಳ್ಳಗೆ ಹರಡಿದ ದ್ರವಸ್ಫಟಿಕವನ್ನಿಟ್ಟೊಡನೆ, ಒಂದು ಹೊರಳಿಗೆ ನಿಂತ ಅದರ ಅಣುಗಳು ಬೆಳಕನ್ನು ಎರಡಾಗಿ ಸೀಳುವುವು. ಆ ಎರಡು ಪಾಲು ಆಚೆಯ ಫಲಕದಲ್ಲಿ ಮತ್ತೆ ಕೂಡುವಾಗ ನವಿಲುಗರಿಯ ವರ್ಣಗಳೆಲ್ಲ ಹೊರಡುವುವು. ಶಾಖವು ಏರಿದಂತೆ ಅವು ಸರಿದಾಡುವುವು, ಒಡೆಯುವುವು. ಅಣುಗಳ ಅಣಿಯು ಪೂರ್ತಿ ಕೆಟ್ಟಾಗ ಮತ್ತೆ ಕತ್ತಲೆಯು ಕವಿಯುವುದು. ಇವಕ್ಕೆ ಜೊತೆಗೂಡಿದ ಸಂಗೀತವು ಫ್ರಾನ್ಸ್ವಾ ದ ರೂಬೆಯವರದು. ಚಿತ್ರವು ಹೊರಬರುವ ಮೊದಲೇ, 1975ರಲ್ಲಿ, ಅವರು ಕಡಲಾಳಕ್ಕೆ ಮುಳುಗಿದಾಗ ಮಡಿದಿದ್ದರು.

ಕನ್ನಡಿಗರು ಇಲ್ಲಿ ನೆನೆಯಬೇಕಾದ ಮಾತೊಂದುಂಟು. ಕಡ್ಡಿಯಂತಹ ಅಣುಗಳು ಮಾತ್ರವಲ್ಲದೆ ತಟ್ಟೆಯಂತಹ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಅವರೂ ಅವರ ಸಂಗಡಿಗರೂ.

ಇಂತಹ ಚಿತ್ರವನ್ನು ನಿರರ್ಥಕವಾದ ಬಣ್ಣದ ಆಟವೆನ್ನುವ ವಾಚಕರು ಇನ್ನೊಂದು ಸಂಗತಿಯನ್ನು ಕೇಳಬೇಕು. ಅದರ ದೃಶ್ಯಗಳನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದವರು ಈವ್ ಬುಲಿಗಾನ್ ಎಂಬ ಜೀವಶಾಸ್ತ್ರಜ್ಞರು. ಏಡಿಯ ಚಿಪ್ಪನ್ನು ಶೋಧಿಸಿ, ಅದರ ಎಳೆಗಳು ಪದರಪದರವಾಗಿ, ಒಂದು ಪದರಕ್ಕಿಂತ ಮುಂದಿನದು ತುಸು ತಿರುಗಿ, ಸುರುಳಿಮೆಟ್ಟಿಲಿನಂತೆ ಜೋಡಣೆಗೊಂಡಿರುವುದನ್ನು ಅವರು ವಿವರಿಸಿದ್ದರು. ರೈನಿಟ್ಸರ್ ಕಾಯಿಸಿದ ಆ ಮಬ್ಬು ದ್ರವದ ಅಣುಗಳ ಜೋಡಣೆಯೂ ಅದೇ ಬಗೆಯದು. ಪೆನ್‌ಲೆವೆಯವರು ತಾರುಣ್ಯದಲ್ಲಿ, 1920ರ ದಶಕದ ಕೊನೆಗೆ, ಕಡಲಿನಿಂದ ತಂದು ಚಿತ್ರಿಸಿದ ಜೀವಿಗಳಲ್ಲಿ ಏಡಿಗಳೂ ಇದ್ದುವು.