ಕೇಳದೆ ಅಳಿಸಿದ 43 ಪುಟಗಳು

2014ರ ಏಪ್ರಿಲ್ 18, ಶುಕ್ರವಾರ. ಬಹ್ರೇನಿನ ಗುದೈಬಿಯಾದ ಒಂದು ಮನೆಯಲ್ಲಿ ಊಟ ಮುಗಿಸಿ ಎದ್ದವನು ಒಬ್ಬ ಹಿರಿಯರು ಎರಡು ವರ್ಷ ಕೂತು ಬರೆದಿದ್ದ 43 ಪುಟಗಳನ್ನು ಅಳಿಸಿಹಾಕಿದೆ. ಬೇಕೆಂದು ಮಾಡಿದ್ದಲ್ಲ. ಆದರೆ ಗೊತ್ತಿಲ್ಲದೆ ಆಯಿತು ಎಂದು ಹೇಳಿ ಜಾರಿಕೊಳ್ಳಲೂ ನನಗೆ ಮನಸ್ಸಿಲ್ಲ. ಗೊತ್ತುಮಾಡಿಕೊಳ್ಳಲು ಒಂದು ಪ್ರಶ್ನೆ ಸಾಕಿತ್ತು. ಅದನ್ನು ನಾನು ಕೇಳಲಿಲ್ಲ.

ಇಷ್ಟು ವರ್ಷ ಈ ವಿಷಯ ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಈಗ ಹೇಳಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಚಿಪ್, ಪ್ರೊಸೆಸರು ಇಲ್ಲದ ಎಷ್ಟೋ ಕಂಪ್ಯೂಟರುಗಳು ಮನೆಮನೆಯಲ್ಲಿವೆ. "ಚೆನ್ನಾಗಿಯೇ ಓಡ್ತಾ ಉಂಟು, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ, ಇದಕ್ಕೆ ಲಿನಕ್ಸ್ ಹಾಕಿ ಕೊಡ್ತೀರಾ?" ಎಂದು ಇಲ್ಲಿನ ಗೆಳೆಯರು ಕೇಳುತ್ತಾರೆ. ಹಾಗೆ ಹಾಕಿಕೊಡಲು ಹೊರಟಿರುವ ಪ್ರತಿಯೊಬ್ಬರೂ ನನ್ನ ತಪ್ಪನ್ನು ಮೊದಲು ತಿಳಿದುಕೊಳ್ಳಲಿ ಎಂಬ ಆಸೆ.

ಅವರನ್ನು ನಾನು ಮಾವ ಎಂದೇ ಕರೆಯುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ. ಉಡುಪಿ ಕಡೆಯವರು; ನಾನು ಕೆಲಸಕ್ಕೆಂದು ಈ ದ್ವೀಪಕ್ಕೆ ಬಂದ ಹೊಸತರಲ್ಲಿ ತಿಂಗಳುಗಟ್ಟಲೆ ಅವರ ಮನೆಯ ಊಟ ಉಂಡಿದ್ದೇನೆ. 1978ರಲ್ಲಿ ಮುಂಬಯಿಯಿಂದ ದ್ವಾರಕಾ ಹಡಗಿನಲ್ಲಿ ಡೆಕ್ಕಿನ ಟಿಕೇಟು ಹಿಡಿದು ಬಂದವರು ಅವರು. ಕರಾಚಿ, ಮಸ್ಕತ್, ದುಬೈಗಳಲ್ಲಿ ನಿಂತು ನಿಂತು ಸಾಗುತ್ತಿದ್ದ ಆ ಹಡಗು 1982ರಲ್ಲಿ ಓಡಾಟ ನಿಲ್ಲಿಸಿತು. ಅದರಲ್ಲಿ ಬಂದವರ ಕಥೆಗಳೂ ಒಂದೊಂದಾಗಿ ಅವರ ಜೊತೆಗೇ ಹೋಗುತ್ತಿವೆ. ಮಾವ ತಮ್ಮ ಕಥೆಯನ್ನು ಬರೆಯಲು ಹೊರಟಿದ್ದರು. ಡೆಕ್ಕಿನ ಮೇಲೆ ಕಳೆದ ರಾತ್ರಿಗಳು, ಮನಾಮದ ಸೂಕಿನಲ್ಲಿ ಮೊದಲ ಕೆಲಸ, ಅಧಾರಿ ಬುಗ್ಗೆಯಲ್ಲಿ ಶುಕ್ರವಾರದ ಸ್ನಾನ, ಸೌದಿಗೆ ಹೋಗುವ ಸಮುದ್ರ ಸೇತುವೆ ಕಣ್ಣೆದುರೇ ಎದ್ದು 1986ರಲ್ಲಿ ತೆರೆದದ್ದು. ಬೆಳಿಗ್ಗೆ ಬೇಗ ಎದ್ದು, ಡ್ಯೂಟಿಗೆ ಹೋಗುವ ಮುಂಚೆ, ದಿನಕ್ಕೆ ಹತ್ತು ಸಾಲು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ಬರೆಯುತ್ತಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಎಲ್ಲಿ ಇಡುತ್ತಿದ್ದಾರೆ ಎಂಬುದು ಗೊತ್ತಿರಲಿಲ್ಲ.

ನಾನು ಲೆಕ್ಕಪತ್ರದ ಮನುಷ್ಯ. ಲಿನಕ್ಸ್ ನನಗೆ ಸಂಬಳ ಕೊಡುವ ವಿದ್ಯೆಯಲ್ಲ, ಪ್ರೀತಿಯಿಂದ ಕಲಿತದ್ದು. ಆ ಪ್ರೀತಿಗೆ ಕಾರಣಗಳಿದ್ದವು, ಇಂದಿಗೂ ಇವೆ. ದುಡ್ಡಿಲ್ಲದೆ ಸಿಗುತ್ತದೆ. ಹೊಸ ತಂತ್ರಾಂಶ ಬೇಕಾದರೆ ಊರೆಲ್ಲ ಹುಡುಕಬೇಕಿಲ್ಲ. ಅದರದೇ ಭಂಡಾರದಿಂದ, ಕಟ್ಟಿದವರ ಡಿಜಿಟಲ್ ಸಹಿ ಸರಿಯಿದೆಯೇ ಎಂದು ತಾನೇ ನೋಡಿಕೊಂಡು ಇಳಿಸಿಕೊಳ್ಳುತ್ತದೆ. ಆದರೆ ಪ್ರೀತಿ ಯಾವಾಗ ಹಟವಾಯಿತೋ ನನಗೆ ತಿಳಿಯಲಿಲ್ಲ. ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಅವರ ಕಂಪ್ಯೂಟರಿನಲ್ಲಿ ಏನಿದೆ ಎಂದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಂಡರೆ ಉಪದೇಶ ಶುರುಮಾಡುತ್ತಿದ್ದೆ. ಅದನ್ನು ಬಳಸುವವರು ನನ್ನ ಕಣ್ಣಿಗೆ ತಿಳಿವಳಿಕೆ ಕಡಿಮೆಯವರಾಗಿ ಕಾಣುತ್ತಿದ್ದರು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ಬೆಂಬಲ ಮುಗಿಯಿತು. ಮಾವನ ಕಂಪ್ಯೂಟರಿನಲ್ಲಿದ್ದದ್ದು ಅದೇ. ಏಪ್ರಿಲ್ 17ಕ್ಕೆ ಉಬುಂಟು ಎಂಬ ಲಿನಕ್ಸಿನ 14.04 ಆವೃತ್ತಿ ಬಂತು, ಜೊತೆಗೆ ಹಳೆಯ ಯಂತ್ರಗಳಿಗೆ ಹಗುರವಾಗುವ ಕ್ಸುಬುಂಟು ಕೂಡ. ರಾತ್ರಿಯೇ ಪೆನ್ ಡ್ರೈವ್ ಸಿದ್ಧ ಮಾಡಿಕೊಂಡು ಮರುದಿನ ರಜೆಗೆ ಅವರ ಮನೆಗೆ ಹೋದೆ. ಅತ್ತೆ ಅಂಜಲ್ ಮೀನಿನ ಸಾರು ಮಾಡಿದ್ದರು. ಉಣ್ಣುತ್ತ ಉಣ್ಣುತ್ತ, "ಮಾವ, ಇನ್ನು ಎಕ್ಸ್‌ಪಿ ಇಟ್ಟುಕೊಂಡರೆ ಅಪಾಯ, ಇವತ್ತೇ ಬದಲಾಯಿಸಿಬಿಡ್ತೇನೆ" ಎಂದೆ. "ನಂಗೆ ಅದೆಲ್ಲ ಎಂತ ಗೊತ್ತುಂಟು ಮಾರಾಯ? ನೀನು ಮಾಡಿದ್ದು ಸರಿಯೇ ಇರ್ತದೆ" ಎಂದು ಅವರು ಮಲಗಲು ಹೋದರು.

ಅವರು ನಿದ್ದೆಯಲ್ಲಿದ್ದಾಗ ನಾನು ಕೆಲಸಕ್ಕೆ ಕೂತೆ. ಎಕ್ಸ್‌ಪಿಯ ಮೊದಲ ಪರದೆಯಲ್ಲಿ ಎರಡು ಖಾತೆಗಳಿದ್ದವು. ಒಂದು ಮನೆಯ ಯಜಮಾನರದು, ಇನ್ನೊಂದು ಮಂಗಳೂರಿಗೆ ಓದಲು ಹೋದ ಮಗಳದು. ಯಜಮಾನರ ಖಾತೆ ತೆರೆದು ಅದರ ದಾಖಲೆಗಳ ಫೋಲ್ಡರು, ಡೆಸ್ಕ್‌ಟಾಪು, ಫೋಟೋಗಳು ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಕೊಂಡೆ. ಮಗಳ ಖಾತೆಯನ್ನು ತೆರೆದೂ ನೋಡಲಿಲ್ಲ. ಮಗು ಊರಿನಲ್ಲಿದೆ, ಅಲ್ಲಿ ಇನ್ನೇನಿರುತ್ತದೆ ಎಂದುಕೊಂಡೆ. ನುಡಿ ತಂತ್ರಾಂಶವನ್ನು ಹಾಕಿಕೊಟ್ಟವಳು ಆ ಮಗಳೇ, ಅಪ್ಪ ಎರಡು ವರ್ಷದಿಂದ ಬರೆಯುತ್ತಿದ್ದದ್ದು ಅವಳ ಖಾತೆಯಲ್ಲಿಯೇ ಎಂಬುದು ನನಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ.

ವಿಂಡೋಸನ್ನು ಉಳಿಸಿ ಪಕ್ಕದಲ್ಲೇ ಹೊಸದನ್ನು ಹಾಕುವ ಆಯ್ಕೆ ಅಲ್ಲಿತ್ತು. ಪೆನ್ ಡ್ರೈವಿನಿಂದಲೇ ಓಡಿಸಿ, ಡಿಸ್ಕನ್ನು ಮುಟ್ಟದೆ, ಬೇಕಾದಷ್ಟು ದಿನ ಪರೀಕ್ಷಿಸುವ ಆಯ್ಕೆಯೂ ಇತ್ತು. ನಾನು ಒತ್ತಿದ್ದು ಡಿಸ್ಕನ್ನು ಪೂರ್ತಿ ಅಳಿಸಿ ಹಾಕುವುದನ್ನು. ಇದರಿಂದ ದಾಖಲೆ, ಫೋಟೋ, ಹಾಡು ಎಲ್ಲವೂ ಹೋಗುತ್ತವೆ ಎಂದು ಅದರ ಕೆಳಗೆ ಸ್ಪಷ್ಟವಾಗಿ ಬರೆದಿತ್ತು. ಓದಿದೆ. ಓದಿಯೂ ಮುಂದುವರಿದೆ. ಆ ಮನೆಯಲ್ಲಿ ವಿಂಡೋಸಿನ ಕುರುಹೂ ಉಳಿಯಬಾರದು ಎಂಬ ಛಲ ನನ್ನದಾಗಿತ್ತು. ಮಾವನಿಗೆ ಅಂಥ ಛಲವೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಫೋನು. "ಮನಾಮ ಅಂತ ಹೊಡೆದರೆ ಬೇರೆ ಎಂತದೋ ಬರ್ತದಲ್ಲ?" ಹೋಗಿ ನೋಡಿದೆ. ಪರದೆಯಲ್ಲಿ "ಸಲಓಸ" ಎಂದಿತ್ತು. ನುಡಿಯಲ್ಲಿರುವುದು ಕೆ. ಪಿ. ರಾವ್ ಅವರ ಚಿಂತನೆಯಿಂದ ಬಂದ ಕೀಲಿಮಣೆ. ಇಂಗ್ಲಿಷಿನ ಎಮ್ ಒತ್ತಿದರೆ ಮ, ಎನ್ ಒತ್ತಿದರೆ ನ. ನಾನು ಬಳಸುತ್ತಿದ್ದದ್ದು ಇನ್‌ಸ್ಕ್ರಿಪ್ಟ್. ಅದರಲ್ಲಿ ಅದೇ ಕೀಲಿಗಳಿಗೆ ಸ, ಲ ಬರುತ್ತವೆ. ನನಗೆ ಅಭ್ಯಾಸವಿದ್ದದ್ದನ್ನು ಅವರಿಗೂ ಹಾಕಿಟ್ಟಿದ್ದೆ. ಅವರ ಬೆರಳುಗಳು ಕಲಿತ ಕೀಲಿಮಣೆಯೇ ಲಿನಕ್ಸಿನಲ್ಲಿಯೂ ಸಿಗುತ್ತಿತ್ತು, ಒಂದು ಸಣ್ಣ ಪ್ಯಾಕೇಜು ಹಾಕಿದ್ದರೆ ಮುಗಿಯುತ್ತಿತ್ತು. ಕೇಳಿದ್ದರೆ ತಾನೆ.

ಇಲ್ಲಿನ ಕನ್ನಡಿಗರ ಸಂಘದ ಸ್ಮರಣ ಸಂಚಿಕೆಗೆಂದು ಅವರು ಬರೆದಿಟ್ಟಿದ್ದ ಹಳೆಯ ಪತ್ರಗಳನ್ನು ತೆರೆದೆ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆ ಕಾಲದ ನುಡಿ ಕಡತಗಳಲ್ಲಿ ಹೆಚ್ಚಿನವು ಯುನಿಕೋಡಿನವಲ್ಲ. ಒಳಗಿರುವುದು ಇಂಗ್ಲಿಷ್ ಸಂಕೇತ, ನುಡಿಯ ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟು ಇಲ್ಲದಿದ್ದರೆ ಕನ್ನಡವೂ ಇಲ್ಲ. ಸಾಲದ್ದಕ್ಕೆ ಅವರು ಊರಿಗೆ ಹಣ ಕಳಿಸಲು ಬಳಸುತ್ತಿದ್ದ ಬ್ಯಾಂಕಿನ ಪುಟ ಫೈರ್‌ಫಾಕ್ಸಿನಲ್ಲಿ ಮುಂದೆ ಹೋಗಲಿಲ್ಲ. ಅದು ಎಕ್ಸ್‌ಪ್ಲೋರರನ್ನೇ ಕೇಳುತ್ತಿತ್ತು. ಮಾವ ಎಕ್ಸ್‌ಪ್ಲೋರರ್ ಇಟ್ಟುಕೊಂಡದ್ದು ತಿಳಿವಳಿಕೆಯಿಲ್ಲದೆ ಅಲ್ಲ, ಮನೆ ನಡೆಯುವುದು ಅದರಿಂದ ಎಂಬ ಕಾರಣಕ್ಕೆ. ಆ ಕ್ಷಣ ನನಗೆ ಮುಖ ಎತ್ತಲಾಗಲಿಲ್ಲ.

ಅಲ್ಲಿ ನಿಂತು ಯೋಚಿಸಿದ್ದರೆ ಪುಟಗಳು ಇನ್ನೂ ಉಳಿಯುತ್ತಿದ್ದವೋ ಏನೋ. ಆದರೆ ತಪ್ಪನ್ನು ಆದಷ್ಟು ಬೇಗ ಮುಚ್ಚಬೇಕೆಂಬ ಆತುರ. ಅದೇ ಸಂಜೆ ಎಕ್ಸ್‌ಪಿ ಸಿಡಿ ತಂದು ಅದೇ ಡಿಸ್ಕಿನ ಮೇಲೆ ಮತ್ತೆ ಹಾಕಿದೆ. ನುಡಿ ಹಾಕಿದೆ. ಒಳ್ಳೆಯ ಬ್ರೌಸರೂ ಒಂದಿರಲಿ ಎಂದು ಹುಡುಕಿ, ಮೇಲೆ ಕಂಡ ಮೊದಲ ಕೊಂಡಿಯನ್ನೇ ಒತ್ತಿದೆ. ಅದು ಬ್ರೌಸರಿನವರ ಸ್ವಂತ ತಾಣವಲ್ಲ, ಜಾಹೀರಾತು. ಓದದೆ ಮುಂದೆ, ಮುಂದೆ ಎಂದು ಒತ್ತುತ್ತ ಹೋದೆ. ಬ್ರೌಸರಿನ ಜೊತೆಗೆ ಎರಡು ಟೂಲ್‌ಬಾರುಗಳು, ಬದಲಾದ ಮುಖಪುಟ, ತಾನಾಗಿ ತೆರೆದುಕೊಳ್ಳುವ ಜಾಹೀರಾತುಗಳು ಒಳಗೆ ಬಂದು ಕೂತವು. ತಂತ್ರಾಂಶವನ್ನು ಎಲ್ಲಿಂದ ತರಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು.

ಅವೆಲ್ಲವನ್ನೂ ತೆಗೆದು ಎದ್ದಾಗ ರಾತ್ರಿ ಹನ್ನೊಂದು. ಬೆಳಿಗ್ಗೆ ಮತ್ತೆ ಫೋನು. "ಎಲ್ಲ ಸರಿ ಉಂಟು. ಮಗಳ ಹೆಸರಿನ ಚಿತ್ರ ಕಾಣುವುದಿಲ್ಲ. ನನ್ನ ಪುಸ್ತಕ ಅದರೊಳಗೆ ಅಲ್ವಾ ಇರುವುದು?"

ನಾನು ಮಾತಾಡಲಿಲ್ಲ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇರಲಿ, ನಿಧಾನಕ್ಕೆ ಹುಡುಕು" ಎಂದರು.

ಡಿಸ್ಕನ್ನು ಮನಾಮದ ಒಬ್ಬ ರಿಪೇರಿಯವರ ಬಳಿಗೆ ಒಯ್ದೆ. ಅವರು ಕೇಳಿದ ಮೊದಲ ಮಾತು, ಅಳಿಸಿದ ಮೇಲೆ ಇದರ ಮೇಲೆ ಏನನ್ನಾದರೂ ಬರೆದಿದ್ದೀರಾ ಎಂದು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದು ಎಂದರೆ ಮನೆಯ ನಂಬರಿನ ಹಲಗೆ ಕಿತ್ತಂತೆ. ಮನೆ ಅಲ್ಲೇ ನಿಂತಿರುತ್ತದೆ, ಹುಡುಕಿದರೆ ಸಿಗುತ್ತದೆ. ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿದರೆ ಮಾತ್ರ ಹಳೆಯದು ಹೋಯಿತು. ನಾನು ಒಂದಲ್ಲ, ಎರಡು ಸಲ ಕಟ್ಟಿದ್ದೆ. ಮೊದಲ ತಪ್ಪಿಗಿಂತ ಅದನ್ನು ಮುಚ್ಚಲು ಮಾಡಿದ ಅವಸರವೇ ಹೆಚ್ಚು ಕೆಡಿಸಿತ್ತು. ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಮೂರು ರಾತ್ರಿ ಜಾಲಾಡಿದೆ. ಚೂರುಚೂರಾಗಿ ಸಿಕ್ಕಿದ್ದು ಎರಡೂವರೆ ಪುಟ. ಮಾವ ತಿದ್ದಲೆಂದು ಪ್ರಿಂಟು ತೆಗೆದಿದ್ದ ಎಂಟು ಹಾಳೆಗಳು ಅತ್ತೆಯ ಅಡಿಗೆಮನೆಯ ಕಪಾಟಿನಲ್ಲಿ ಸಿಕ್ಕವು. ಉಳಿದದ್ದು ಇಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು, ಅಂಥ ಅವಸರದ ಅಗತ್ಯವೇ ಅಂದು ಇರಲಿಲ್ಲ ಎಂಬುದು. ಎಕ್ಸ್‌ಪಿಗೆ ಬೆಂಬಲ ನಿಂತದ್ದು ನಿಜ, ಅದನ್ನು ಬಿಡಬೇಕಾದದ್ದೂ ನಿಜ. ಆದರೆ ಕ್ರೋಮ್ ಬ್ರೌಸರಿಗೆ ಎಕ್ಸ್‌ಪಿಯ ಮೇಲೆ 2016ರ ಏಪ್ರಿಲ್‌ವರೆಗೆ, ಫೈರ್‌ಫಾಕ್ಸಿಗೆ 2018ರವರೆಗೆ ಸುರಕ್ಷೆಯ ತಿದ್ದುಪಡಿಗಳು ಬರುತ್ತಲೇ ಇದ್ದವು. ಅಂದು ಒಂದು ಹೊಸ ಬ್ರೌಸರನ್ನು ಅದರ ಸ್ವಂತ ತಾಣದಿಂದ ಹಾಕಿಕೊಟ್ಟು, ಎಕ್ಸ್‌ಪ್ಲೋರರನ್ನು ಬ್ಯಾಂಕಿಗೆ ಮಾತ್ರ ಉಳಿಸಿ, ಉಳಿದ ಬದಲಾವಣೆಯನ್ನು ಮಾವನ ಪಕ್ಕದಲ್ಲಿ ಕೂತು ಎರಡು ಮೂರು ತಿಂಗಳಲ್ಲಿ ನಿಧಾನಕ್ಕೆ ಮಾಡಬಹುದಿತ್ತು. ಗಡುವು ನನ್ನ ತಲೆಯೊಳಗೆ ಮಾತ್ರ ಇತ್ತು.

ಲಿನಕ್ಸ್ ಮೇಲೋ ವಿಂಡೋಸ್ ಮೇಲೋ ಎಂಬ ವಾದದಿಂದ ನಾನು ದೂರವಾದದ್ದು ಆಗಲೇ. ಲಿನಕ್ಸನ್ನು ಬಿಡಲಿಲ್ಲ. ಇದನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಬಿಟ್ಟದ್ದು ಅದರ ಹೆಸರಿನಲ್ಲಿ ಮೆರೆಯುವುದನ್ನು. ಯಾವ ಹೆಸರೂ ತಾನಾಗಿ ಕಾಪಾಡುವುದಿಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ತಾಣಕ್ಕೇ ಕನ್ನ ಬಿತ್ತು. ಇಳಿಸಿಕೊಳ್ಳುವ ಕೊಂಡಿಯನ್ನು ಬದಲಿಸಿ, ಹಿಂಬಾಗಿಲಿಟ್ಟ ನಕಲಿ ಪ್ರತಿಯತ್ತ ಜನರನ್ನು ತಿರುಗಿಸಿದ್ದರು. ತಂಡದವರು ಮರುದಿನವೇ ಮುಚ್ಚಿಡದೆ ಹೇಳಿಕೊಂಡರು. ಇಳಿಸಿದ ಕಡತ ಅಸಲಿಯೇ ಎಂದು ತಾಳೆ ನೋಡುವ ಕ್ರಮ ಏಕೆ ಬೇಕೆಂದು ನನಗೆ ಮನದಟ್ಟಾದದ್ದು ಆ ಸುದ್ದಿ ಓದಿದಾಗ.

ಈಗ ಯಾರಾದರೂ ಲ್ಯಾಪ್‌ಟಾಪ್ ತಂದರೆ ಮೊದಲ ದಿನ ನಾನು ಏನನ್ನೂ ಹಾಕುವುದಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ, "ದಿನಾ ಇದರಲ್ಲಿ ಏನೇನು ಮಾಡ್ತೀರಿ, ಒಮ್ಮೆ ತೋರಿಸಿ" ಎನ್ನುತ್ತೇನೆ. ಯಾವ ಪುಟ ತೆರೆಯುತ್ತಾರೆ, ಕನ್ನಡ ಹೇಗೆ ಬರೆಯುತ್ತಾರೆ, ಫೋಟೋ ಎಲ್ಲಿಡುತ್ತಾರೆ, ಇದನ್ನು ಮನೆಯಲ್ಲಿ ಇನ್ನು ಯಾರು ಮುಟ್ಟುತ್ತಾರೆ, ಪ್ರಿಂಟರು ಯಾವುದು ಎಂದು ನೋಡಿ ಬರೆದುಕೊಳ್ಳುತ್ತೇನೆ. ಎರಡನೆಯ ದಿನ ಪೆನ್ ಡ್ರೈವಿನಿಂದ ಲಿನಕ್ಸ್ ಓಡಿಸಿ ಅವೇ ಕೆಲಸಗಳನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ. ಒಂದು ಕೆಲಸ ಆಗದಿದ್ದರೂ ಅಲ್ಲಿಗೆ ನಿಲ್ಲಿಸಿ, ಬೇರೆ ದಾರಿ ಹುಡುಕುತ್ತೇನೆ. ಎಲ್ಲವೂ ಆದರೆ ಹಳೆಯ ಡಿಸ್ಕನ್ನು ಬಿಚ್ಚಿ, ದಿನಾಂಕ ಬರೆದು ಅವರ ಕೈಗೇ ಕೊಟ್ಟು, ಹೊಸ ಡಿಸ್ಕಿಗೆ ಹಾಕುತ್ತೇನೆ. ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ್ದು ಬೇಗನೆ ನಿಜವಾಗಿಯೂ ಖಾಲಿಯಾಗುವುದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು. ವಿಂಡೋಸಿನಲ್ಲೇ ಇರುತ್ತೇನೆ ಎಂದು ಅವರು ಹೇಳಿದರೆ ಅದಕ್ಕೂ ಸಹಾಯ ಮಾಡುತ್ತೇನೆ. ಅದು ಅವರ ಮನೆ. ನಾನು ಒಂದು ದಿನದ ಕೆಲಸಕ್ಕೆ ಬಂದವನು.

ಆ ವರ್ಷ ಮೇ ತಿಂಗಳಿನಿಂದ ಪ್ರತಿ ಶುಕ್ರವಾರ ನಾನು ಮಾವನ ಮನೆಯಲ್ಲಿ ಕೂತೆ. ಅವರು ಹೇಳಿದರು, ನಾನು ಯುನಿಕೋಡಿನಲ್ಲಿ ಬರೆದುಕೊಂಡೆ, ಮೂರು ಕಡೆ ಪ್ರತಿ ಇಟ್ಟೆ. ವರ್ಷದ ಕೊನೆಗೆ 31 ಪುಟಗಳಾದವು. ಡೆಕ್ಕಿನ ಮೇಲೆ ತಾವು ಜ್ವರ ಬಂದು ಮಲಗಿದ್ದಾಗ ತನ್ನ ಪಾಲಿನ ಗಂಜಿ ಕೊಟ್ಟು ಎರಡು ರಾತ್ರಿ ಕಾದ ಒಬ್ಬನ ಕಥೆಗೆ ಬಂದಾಗ ಮಾವ ನಿಂತರು. ಕಣ್ಣು ಮುಚ್ಚಿ ತುಂಬ ಹೊತ್ತು ಯೋಚಿಸಿದರು.

"ಮೊದಲು ಬರೆಯುವಾಗ ಅವನ ಹೆಸರು ನೆನಪಿತ್ತು. ಬರೆದಾಯಿತಲ್ಲ, ಇನ್ನು ಹೋಗುವುದಿಲ್ಲ ಅಂತ ಬಿಟ್ಟುಬಿಟ್ಟೆ" ಎಂದರು.

ಆ ಹೆಸರು ಮತ್ತೆ ಬರಲಿಲ್ಲ. 2016ರಲ್ಲಿ ಮಾವ ಕೆಲಸ ಬಿಟ್ಟು ಊರಿಗೆ ಮರಳಿದರು. ಅವರ 31 ಪುಟಗಳಲ್ಲಿ ಹದಿನಾಲ್ಕನೆಯ ಪುಟದ ನಡುವೆ ಒಂದು ಹೆಸರಿನಷ್ಟು ಜಾಗ ಖಾಲಿ ಇದೆ. ಅದನ್ನು ತುಂಬಲು ನನ್ನಿಂದ ಆಗುವುದಿಲ್ಲ. ಯಾರ ಯಂತ್ರವನ್ನು ಮುಟ್ಟುವ ಮುಂಚೆಯೂ ಆ ಪುಟವನ್ನು ಒಮ್ಮೆ ತೆರೆದು ನೋಡಿಕೊಳ್ಳುತ್ತೇನೆ.