ಅಂತರಪಟದ ಹಿಂದಿನ ಫೋಟೋ

ತಂಗಿಯ ಮದುವೆ ಫೋಟೋಗಳು ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಫೋಲ್ಡರಿನಲ್ಲಿವೆ. ಒಂದರ ಹೆಸರು ‘ಕಾರ್ಯಾಲಯ’, ಇನ್ನೊಂದರದು ‘ಮಾಮಾ’. ಕಾರ್ಯಾಲಯ ಅಂದ್ರೆ ಆಫೀಸು ಅಂದ್ಕೋಬೇಡಿ. ನಮ್ಮ ಗಡಿಭಾಗದಲ್ಲಿ ಕಲ್ಯಾಣ ಮಂಟಪಕ್ಕೆ ಮರಾಠಿಯವರ ಹಾಗೇ ಕಾರ್ಯಾಲಯ ಅಂತೀವಿ. ನಮ್ಮೂರು ಜುಗೂಳ, ಕಾಗವಾಡ ತಾಲ್ಲೂಕು. ಕೃಷ್ಣಾ ನದಿಯ ಈ ದಂಡೆಗೆ ನಾವು, ಆ ದಂಡೆಗೆ ಖಿದ್ರಾಪುರ, ಅಂದ್ರೆ ಮಹಾರಾಷ್ಟ್ರ.

ನಾನು ಸಣ್ಣವನಿದ್ದಾಗ ಮದುವೆ ಅಂದ್ರೆ ಮನೆ ಮುಂದೆ ಹಂದರ, ಊರಿನ ಬ್ಯಾಂಡು, ಊರಿನ ಫೋಟೋದವರು. ಈಗ ಎಲ್ಲಾ ಪ್ಯಾಕೇಜು. ಊಟ, ಡೆಕೋರೇಷನ್ನು, ಫೋಟೋ, ವಿಡಿಯೋ, ಡ್ರೋನು ಎಲ್ಲಾ ಸೇರಿಸಿ ಒಂದೇ ಬಿಲ್ಲು. ಬೆಂಗಳೂರಿನಲ್ಲಿ ಕೂತು ವಾಟ್ಸ್ಯಾಪಿನಲ್ಲಿ ಬಂದ ಪಿಡಿಎಫ್ಫಿಗೆ ಓಕೆ ಅಂದವನು ನಾನೇ. ಜನ ಓದದೇ ‘ಐ ಅಗ್ರೀ’ ಒತ್ತಲಿ ಅಂತ ಸ್ಕ್ರೀನು ಮಾಡಿಕೊಡೋದು ನನ್ನ ಹೊಟ್ಟೆಪಾಡು, ಹಾಗಾಗಿ ನಾನೂ ಓದಲಿಲ್ಲ. ಹೊರಗಿನ ಫೋಟೋಗ್ರಾಫರ್ ತಂದರೆ ಬೇರೆ ಚಾರ್ಜು, ಫೋಟೋಗಳ ಹಕ್ಕು ಕಾರ್ಯಾಲಯದ್ದು ಅಂತ ಕೊನೇ ಪುಟದಲ್ಲಿತ್ತು. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದೇ. ಆದರೆ ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಅಂತ ಒಂದು ಮಾತು ಅದರಲ್ಲೇ ಇದೆ. ನಾನು ಓಕೆ ಅಂದಿದ್ದು ಆ ಬೇರೆ ಒಪ್ಪಂದಕ್ಕೆ.

ಮಾಮಾನನ್ನು ಬಿಡೋ ಹಾಗಿರಲಿಲ್ಲ. ರಕ್ತಸಂಬಂಧದ ಮಾಮಾ ಅಲ್ಲ, ಊರಿಗೆಲ್ಲಾ ಫೋಟೋ ಮಾಮಾ. 1988ರಲ್ಲಿ ಅಪ್ಪ-ಅವ್ವನ ಮದುವೆಗೆ 36 ಫೋಟೋದ ಒಂದೇ ರೋಲಿನಲ್ಲಿ ಇಡೀ ದಿನ ಮುಗಿಸಿದವರು. 2005ರಲ್ಲಿ ಹೊಳೆ ಊರೊಳಗೆ ಬಂದಾಗ ಟ್ರಂಕಿನಲ್ಲಿದ್ದ ಆ ಅಲ್ಬಮ್ ನೆನೆದು ಹಿಟ್ಟಿನ ಮುದ್ದೆ ಆಯ್ತು. ಅವ್ವ ಅತ್ತದ್ದು ನೆಲ್ಲಿಗಲ್ಲ, ಅದಕ್ಕೆ. ಮಾಮಾ ಅಟ್ಟದ ಮೇಲೆ ಡಬ್ಬಿಯಲ್ಲಿಟ್ಟಿದ್ದ ನೆಗೆಟಿವ್ ಹುಡುಕಿ, ಮೀರಜ್‌ಗೆ ಹೋಗಿ ಮತ್ತೆ ಪ್ರಿಂಟ್ ಹಾಕಿಸಿಕೊಂಡು ಬಂದರು. ಪ್ರಿಂಟಿನ ಖರ್ಚು ಬಿಟ್ಟು ಒಂದು ರೂಪಾಯಿ ಹೆಚ್ಚಿಗೆ ತಗೊಳ್ಳಲಿಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಅವರ ಸ್ಟುಡಿಯೋನೇ ಮುಳುಗಿತು. ಆಮೇಲೆ ಅವರು ಅದನ್ನು ತೆರೆಯಲೇ ಇಲ್ಲ, ಕರೆದಲ್ಲಿ ಹೋಗಿ ತೆಗೀತಾರೆ ಅಷ್ಟೇ.

ಕಾರ್ಯಾಲಯದ ಮ್ಯಾನೇಜರ್ ಮುಖ ಗಂಟು ಹಾಕಿಕೊಂಡು ಚಾರ್ಜು ಬರೆದುಕೊಂಡ. ಅವರ ಫೋಟೋದ ಹುಡುಗ ಇಪ್ಪತ್ತೈದರವನಿರಬೇಕು, ಆ ವಾರದಲ್ಲಿ ಅದು ಅವನ ಐದನೇ ಮದುವೆ. ಬೆಳಗಿನಿಂದ ಮಾಮಾಗೆ “ದಾದಾ, ಜರಾ ಬಾಜೂಲಾ ಸರಕಾ” ಅಂತಲೇ ಇದ್ದ. ಮಾಮಾ ಸರೀತಾನೇ ಇದ್ದರು.

ಅರಿಷಿಣದ ಹೊತ್ತಿಗೆ ಇನ್ನೊಂದು ಫಜೀತಿ. ಮಾಮಾ ಮೂಲೆಯಲ್ಲಿ ಛತ್ರಿ ಲೈಟು ನಿಲ್ಲಿಸಿದ್ದರು. ಅವರು ಬಟನ್ ಒತ್ತಿದರೆ ಲೈಟು ಹತ್ತೋದಿಲ್ಲ, ಸುಮ್ಮನಿದ್ದಾಗ ತಾನೇ ಫಳಕ್ ಅನ್ನುತ್ತೆ. “ಲೈಟಿಗೆ ದೆವ್ವ ಹಿಡದೈತಿ ತಮ್ಮಾ” ಅಂದರು. ಕಂಡುಹಿಡಿದವನು ಆ ಹುಡುಗನೇ. ಇಬ್ಬರದೂ ಒಂದೇ ಕಂಪನಿಯ ಟ್ರಿಗರು, ಒಂದೇ ಚಾನಲ್ಲು. ಅವನು ಕ್ಲಿಕ್ ಮಾಡಿದಾಗೆಲ್ಲಾ ಮಾಮಾನ ಲೈಟು ಉರಿದು, ಮಾಮಾ ಕ್ಲಿಕ್ ಮಾಡೋ ಹೊತ್ತಿಗೆ ಅದು ಇನ್ನೂ ಚಾರ್ಜ್ ಆಗ್ತಿರುತ್ತಿತ್ತು. ಹುಡುಗ ಬಂದು ಮಾಮಾನ ಟ್ರಿಗರಿನ ಚಾನಲ್ ಬದಲಿಸಿದ. ಆಮೇಲೆ ದಾದಾ ಹೋಗಿ ಕಾಕಾ ಆಯ್ತು.

12 ಗಂಟೆ 35 ನಿಮಿಷಕ್ಕೆ ಅಕ್ಕಿಕಾಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಧಾರೆ ಎರೆಯೋಕೆ ಕಾಕಾ-ಕಾಕು ಕೂತಿದ್ದರು. ಹುಡುಗ ಕೈಯಲ್ಲಿ ಪಟ್ಟಿ ಹಿಡಿದು “ಹುಡುಗಿ ತಂದಿ-ತಾಯಿ ಇಕಡೆ ನೋಡ್ರಿ” ಅಂದಾಗ ಕಾಕಾ-ಕಾಕು ನೋಡಿದರು. ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಮಂಗಲಾಷ್ಟಕ ಮುಗಿದು, ಅಂತರಪಟ ಸರಿದು, ಬ್ಯಾಂಡು ಬಡಿದು, ಅಕ್ಕಿಕಾಳು ಸುರಿಯಿತು. ತಿರುಗಿ ನೋಡಿದರೆ ಮಂಟಪದ ಹತ್ತಿರ ಮಾಮಾ ಇಲ್ಲ!

ಆಮೇಲೆ ಊಟದ ಹಾಲಿನ ಬಾಗಿಲಲ್ಲಿ ಹಿಡಿದು ಕೇಳಿದೆ. “ಮಾಮಾ, ಅಕ್ಕಿಕಾಳ ಬೀಳು ಹೊತ್ತಿನ್ಯಾಗ ಎಲ್ಲಿ ಹೋಗಿದ್ರಿ? ಅದಕ್ಕ ಅಲ್ಲೇನ ನಿಮ್ಮನ್ನ ಕರಿಸಿದ್ದು?” ದನಿ ಸ್ವಲ್ಪ ಏರಿತ್ತು. ಬೀಗರು ನಿಂತಿದ್ದರು.

“ಅದನ್ನ ಅಂವಾ ತಗೀತಾನ ಬಿಡೋ” ಅಂದು ಕೊನೇ ಪಂಕ್ತಿಗೆ ಊಟಕ್ಕೆ ಕೂತರು. ಪ್ಯಾಕೇಜಿನ ಲೆಕ್ಕದಲ್ಲಿ ಹುಡುಗನ ಊಟ ಇತ್ತು, ಅವರದಿರಲಿಲ್ಲ.

ತಿಂಗಳು ಬಿಟ್ಟು ಬೆಂಗಳೂರಿನಲ್ಲಿ ಎರಡೂ ಫೋಲ್ಡರನ್ನು ಟೈಮಿನ ಪ್ರಕಾರ ಸೇರಿಸಿದೆ. ತಾಳಿ ಕಟ್ಟಿದ ಮೇಲೆ ಅಂತರಪಟ ಹಿಡಿಯೋ ಫೋಟೋ ಬರ್ತಿತ್ತು. ಮಾಮಾನ ಕ್ಯಾಮೆರಾದ ಗಡಿಯಾರ ಹನ್ನೊಂದು ನಿಮಿಷ ಮುಂದಿತ್ತು. ಐದು ಸಾಲಿನ ಸ್ಕ್ರಿಪ್ಟ್ ಬರೆದು ಎಲ್ಲಾ ಫೋಟೋದಲ್ಲೂ ಹನ್ನೊಂದು ನಿಮಿಷ ಕಳೆದೆ. ಈಗ 12:35ಕ್ಕೆ ಬಂದು ನಿಂತರೆ ಹುಡುಗನ ಫೋಟೋದಲ್ಲಿ ತಂಗಿ, ಅಳಿಯ, ಗಾಳಿಯಲ್ಲಿ ನಿಂತ ಅಕ್ಕಿಕಾಳು. ನಿಜಕ್ಕೂ ಚಂದ, ಕ್ಯಾಲೆಂಡರಿಗೆ ಹಾಕಬಹುದು. ಅದರ ಪಕ್ಕಕ್ಕೇ ಬಂದು ಕೂತದ್ದು ಮಾಮಾನ ಫೋಟೋ, ಅದೇ ನಿಮಿಷದ್ದು.

ಅಡಿಗೆಮನೆಗೆ ಹೋಗೋ ಬಾಗಿಲು. ಚೌಕಟ್ಟಿಗೆ ಒಂದು ಕೈ ಕೊಟ್ಟು ಅವ್ವ ನಿಂತಿದ್ದಾಳೆ. ಇನ್ನೊಂದು ಕೈ ಮೇಲೆದ್ದಿದೆ. ಮಂಟಪ ಅಲ್ಲಿಂದ ಅರವತ್ತು-ಎಪ್ಪತ್ತು ಅಡಿ, ಅವಳು ಎಸೆದ ಕಾಳು ಎದುರಿನ ಪ್ಲಾಸ್ಟಿಕ್ ಖುರ್ಚಿಗಳ ಮೇಲೆ ಬೀಳ್ತಿವೆ. ಫೋಕಸ್ಸು ಬಾಗಿಲಿನ ಮೇಲೆ ಕೂತಿದೆ, ಮುಖ ಸ್ವಲ್ಪ ಮಸುಕು. ಬೆಳಗಿನಿಂದ ಅವಳು ಅಡಿಗೆಯವರ ಹತ್ತಿರ ಕೆಲಸ ಇದೆ ಅನ್ನುತ್ತಿದ್ದಳು. ಅಡಿಗೆಯೂ ಪ್ಯಾಕೇಜಿನದೇ, ಅವಳಿಗೆ ಅಲ್ಲೇನು ಕೆಲಸ ಅಂತ ನನಗೆ ಹೊಳೆದಿರಲೇ ಇಲ್ಲ. ಮಾಮಾಗೆ ಗೊತ್ತಿತ್ತು, ನಮ್ಮಲ್ಲಿ ಗಂಡ ಹೋದವರು ಅಕ್ಕಿಕಾಳಿನ ಹೊತ್ತಿಗೆ ಎಲ್ಲಿ ನಿಲ್ತಾರೆ ಅಂತ. ಮಂಟಪವನ್ನು ಹುಡುಗನಿಗೆ ಬಿಟ್ಟು ಆ ಕಡೆ ಹೋಗಿದ್ದಾರೆ. ‘ಕಾರ್ಯಾಲಯ’ ಫೋಲ್ಡರಿನ ಎರಡು ಸಾವಿರ ಚಿಲ್ಲರೆ ಫೋಟೋ ಒಂದೊಂದಾಗಿ ನೋಡಿದೆ. ಅವ್ವ ಮೂರರಲ್ಲಿದ್ದಾಳೆ, ಮೂರರಲ್ಲೂ ಯಾರದೋ ಹಿಂದೆ.

ಊರಿಗೆ ಹೋದಾಗ ತೋರಿಸಿದೆ. “ಇದನ್ಯಾಕ ತಗದಾನ ಅಂವಾ, ಸೀರಿ ನೋಡು ಹೆಂಗಾಗೇತಿ” ಅಂದಳು. ಆಮೇಲೆ ಮೊಬೈಲು ವಾಪಸು ಕೊಡಲಿಲ್ಲ, ಎರಡು ಬೆರಳಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಾ ಕೂತಳು. ಅಲ್ಬಮ್ಮಿಗೆ ಹಾಕೋಣವೇ ಅಂದರೆ ಬೇಡ ಅಂತಾಳೆ. ಹಾಕದೇ ಅಲ್ಬಮ್ ಮಾಡೋಕೆ ನನಗೆ ಮನಸಿಲ್ಲ. ವರ್ಷವಾಯ್ತು, ಹಾಗೇ ಇದೆ.

ಮುಂದಿನ ತಿಂಗಳು ಕಾಕಾನ ಮಗನ ಮದುವೆ, ಅದೇ ಕಾರ್ಯಾಲಯ. ಈ ಸಲ ಪಿಡಿಎಫ್ ಪೂರ್ತಿ ಓದಿ ಎರಡು ಷರತ್ತು ತೆಗೆಸಿದೆ, ಊಟದ ಲೆಕ್ಕದಲ್ಲಿ ಒಬ್ಬರನ್ನು ಸೇರಿಸಿದೆ. ಮೊನ್ನೆ ಮಾಮಾಗೆ ಫೋನ್ ಮಾಡಿ, ಅವತ್ತು ಏರುದನಿಯಲ್ಲಿ ಮಾತಾಡಿದ್ದಕ್ಕೆ ಏನೋ ಹೇಳಬೇಕು ಅಂತ ತಡವರಿಸುತ್ತಿದ್ದೆ.

“ಅದಿರ್ಲಿ ತಮ್ಮಾ, ಆ ಹುಡುಗನ ನಂಬರ್ ಐತೇನ ನಿನ್ನ ಕಡೆ? ಚಾನಲ್ ಹೆಂಗ ಬದಲಿ ಮಾಡೂದಂತ ತೋರಿಸಿದ್ದ, ಮರತ ಬಿಟ್ಟೇನಿ” ಅಂದರು.