ನಿದ್ದೆಯ ಆಳ

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ನೆಲೆಸಿರುವ ನಮ್ಮ ಮೂರು ಮನೆಗಳ ಮಕ್ಕಳಿಗೂ ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಭಾನುವಾರದ ಫೋನ್ ಮಾತುಕತೆಯಲ್ಲಿ (ಅಡಿಲೇಡಿನ ಅರ್ಧ ಗಂಟೆಯ ಲೆಕ್ಕ ನಮಗೆ ಇಂದಿಗೂ ತಪ್ಪುತ್ತದೆ) ನಾವು ಹೇಳಿಕೊಂಡ ಭಯವೂ ಒಂದೇ. ಮಗು ನಡುವೆ ಎಚ್ಚರಗೊಂಡರೆ? ಏಳದೆಯೇ ಹೋದರೆ?

ಪರ್ತ್‌ನಲ್ಲಿ ಆರು ವರ್ಷದ ಮಗಳ ಟಾನ್ಸಿಲ್ ತೆಗೆಯಬೇಕಾಗಿತ್ತು. ಹಣೆಗೊಂದು ಅಂಟುಪಟ್ಟಿ ಹಚ್ಚುವುದಾಗಿ ಅರಿವಳಿಕೆ ತಜ್ಞೆ ಮೊದಲೇ ತಿಳಿಸಿದರು. ಅದು ಮಿದುಳಿನ ವಿದ್ಯುತ್ ಅಲೆಗಳನ್ನು ಗ್ರಹಿಸಿ ಒಂದು ಅಂಕಿಯಾಗಿ ತೋರಿಸುತ್ತದೆ. ಬಿಸ್ ಎಂದು ಅದರ ಹೆಸರು. ಪೂರ್ಣ ಎಚ್ಚರವಿದ್ದರೆ 100ರ ಸಮೀಪ, ಶಸ್ತ್ರಚಿಕಿತ್ಸೆಗೆ ತಕ್ಕ ನಿದ್ದೆಯಲ್ಲಿ 40ರಿಂದ 60. ಅನಿಲದ ಅರಿವಳಿಕೆಯಾದರೆ ಹೊರಬರುವ ಉಸಿರಿನಲ್ಲಿ ಅದರ ಪ್ರಮಾಣವನ್ನು ಅಳೆಯಬಹುದು. ಪ್ರೊಪೊಫಾಲನ್ನು ರಕ್ತನಾಳದ ಮೂಲಕ ಹರಿಸುವಾಗ ಆ ಅನುಕೂಲವಿಲ್ಲ. ಅದಕ್ಕಾಗಿ ಈ ಪಟ್ಟಿ. ಅದನ್ನು ಕಿತ್ತ ಕೆಂಪು ಗುರುತನ್ನು ವಿಡಿಯೊದಲ್ಲಿ ಕಂಡ ಅಜ್ಜಿ, ಮಗು ಎಲ್ಲೋ ಬಿದ್ದಿದೆ, ನಾವು ಮುಚ್ಚಿಡುತ್ತಿದ್ದೇವೆ ಎಂದೇ ನಂಬಿದರು.

ಬ್ರಿಸ್ಬೇನಿನ ನಾಲ್ಕು ತಿಂಗಳ ಕೂಸಿನ ಹರ್ನಿಯಾ ಚಿಕಿತ್ಸೆಯಲ್ಲಿ ಪಟ್ಟಿ ಇರಲಿಲ್ಲ. ನಮಗೆ ಅದು ಲೋಪವೆಂದೇ ತೋರಿತು. ಆದರೆ ಆ ಅಂಕಿಯ ಲೆಕ್ಕ ರೂಪುಗೊಂಡದ್ದು ವಯಸ್ಕರ ಅಲೆಗಳಿಂದ. ಎಳೆಯ ಮಿದುಳಿನ ಅಲೆಗಳೇ ಬೇರೆ. ಅಲ್ಲಿ ಉಸಿರಿನ ಅನಿಲ, ನಾಡಿ, ರಕ್ತದೊತ್ತಡಗಳೇ ಆಧಾರ. ಪುಟ್ಟ ದೇಹಕ್ಕೆ ತೆಳುವಾದ ಅನಿಲ ಸಾಕೆಂಬ ನಮ್ಮ ಎಣಿಕೆಯೂ ತಪ್ಪಾಗಿತ್ತು: ಸೆವೊಫ್ಲುರೇನ್ ವಯಸ್ಕರಿಗೆ ಶೇಕಡಾ 2ರಷ್ಟಾದರೆ ಎಳೆಗೂಸಿಗೆ 3ಕ್ಕೂ ಹೆಚ್ಚು ಬೇಕು. ಇದರಿಂದ ಬುದ್ಧಿ ಕುಂದೀತೆ ಎಂಬ ಅಳುಕಿಗೆ, 722 ಕೂಸುಗಳನ್ನು ಐದನೆಯ ವಯಸ್ಸಿನವರೆಗೆ ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಸಮಾಧಾನ ನೀಡಿತು. ಒಂದು ಗಂಟೆಯೊಳಗಿನ ಅರಿವಳಿಕೆಯಿಂದ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಂಡುಬಂದಿರಲಿಲ್ಲ.

ಅಡಿಲೇಡಿನ ಏಳು ವರ್ಷದ ಮಗನದು ಮುರಿದ ಕೈ. ಅಂದು ಸಂಜೆ ದಾದಿ ಇಂಗ್ಲಿಷಿನಲ್ಲಿ ವಿಚಾರಿಸಿದಾಗ "ಫೈನ್" ಎಂದಿದ್ದ. ಮೂರು ವಾರಗಳ ನಂತರ, ಊರಿನಿಂದ ಬಂದಿದ್ದ ಅಜ್ಜಿ ತುತ್ತು ಕೊಡುತ್ತಿದ್ದಾಗ ಕನ್ನಡದಲ್ಲಿ ಹೇಳಿದ: "ಅಜ್ಜಿ, ಯಾರೋ ಮಾತಾಡ್ತಿದ್ರು. ನಂಗೆ ಕಣ್ಣು ಬಿಡೋಕೇ ಆಗ್ಲಿಲ್ಲ." ನಮ್ಮ ಕೈಕಾಲು ತಣ್ಣಗಾದವು. ಆಸ್ಪತ್ರೆಗೆ ಫೋನ್ ಮಾಡಿದೆವು. ಅರಿವಳಿಕೆ ತಜ್ಞರು ತಾವೇ ಕರೆಮಾಡಿ, ನೋವಿತ್ತೇ, ಏನು ಕೇಳಿಸಿತು ಎಂದು ನಿಧಾನವಾಗಿ ಕೇಳಿದರು. ನೋವಿರಲಿಲ್ಲ, ಯಾರೋ "ಐಸಿ ಪೋಲ್ ಬೇಕಾ" ಎಂದರಂತೆ. ಅದನ್ನು ಕೊಡುವುದು ಚೇತರಿಕೆಯ ಕೋಣೆಯಲ್ಲಿ. ಎಂದರೆ ಅವನಿಗೆ ನೆನಪಿದ್ದದ್ದು ಏಳುವ ಹೊತ್ತಿನದು.

ಎಲ್ಲ ಸಲವೂ ಹೀಗೆಯೇ ಮುಗಿಯಬೇಕೆಂದಿಲ್ಲ. 2005ರಲ್ಲಿ ಪ್ರಕಟವಾದ ಮೆಲ್ಬರ್ನಿನ ಅಧ್ಯಯನದಲ್ಲಿ 5ರಿಂದ 12 ವರ್ಷದ 864 ಮಕ್ಕಳಲ್ಲಿ ಏಳು ಮಂದಿಗೆ ನಡುವೆ ಎಚ್ಚರವಾಗಿತ್ತು. ಅಲ್ಲಿ ಮಕ್ಕಳನ್ನು ಕೇಳಿದ್ದು ಒಂದೇ ಸಲವಲ್ಲ, ತಿಂಗಳೊಳಗೆ ಮೂರು ಸಲ. ನಮ್ಮ ಮಕ್ಕಳು ಬೇಗ ಬಾಯಿಬಿಡುವುದು ಮನೆಯ ಮಾತಿನಲ್ಲಿ. ಅದನ್ನು ಯಾವ ವಾರ್ಡಿನಲ್ಲೂ ಕೇಳುವವರಿಲ್ಲ.

ಮೊನ್ನೆ ಪರ್ತಿನ ಮಗಳನ್ನೂ ಕೇಳಿದೆವು: ನಿದ್ದೆಗೆ ಮುಂಚೆ ಕೊನೆಗೆ ಏನು ಕಂಡೆ, ಎದ್ದಾಗ ಮೊದಲು ಏನು ಕಂಡೆ, ನಡುವೆ ಏನಾದರೂ ನೆನಪಿದೆಯೇ?

"ದೊಡ್ಡ ಲೈಟು. ಆಮೇಲೆ ಅಮ್ಮ," ಎಂದಳು. ನಡುವೆ ಏನೂ ಇರಲಿಲ್ಲವಂತೆ.